ಮೇಡಂ ಮೇಜಿನ ಮುಂದಿನ ಸಾಲು

ಎಂ.ಬಿ.ಎ. ಕೊನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪ್ರಾಜೆಕ್ಟ್ ಮಾಡಬೇಕು. ಯಾವುದಾದರೂ ಕಂಪನಿಗೋ ಕಾರ್ಖಾನೆಗೋ ಅಂಗಡಿಗೋ ಹೋಗಿ, ಅಲ್ಲಿನ ಒಂದು ಸಮಸ್ಯೆ ಹಿಡಿದು, ಅದರ ಬೆನ್ನು ಹತ್ತಿ, ಕೊನೆಗೆ ಬೈಂಡ್ ಮಾಡಿಸಿದ ವರದಿ ಒಪ್ಪಿಸಿ, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ನಿಂತು ಉತ್ತರ ಹೇಳಬೇಕು. ಇದಕ್ಕೆ ಅವರಿಗೆ ನಮ್ಮಲ್ಲೊಬ್ಬರು ಗೈಡ್ ಆಗಿರುತ್ತೇವೆ. ಯಾರಿಗೆ ಯಾರು ಗೈಡ್ ಅನ್ನುವುದನ್ನು ಮೊದಲೆಲ್ಲ ನಮ್ಮ ವಿಭಾಗದ ಮುಖ್ಯಸ್ಥರೇ ಹಂಚಿ ನೋಟಿಸ್ ಬೋರ್ಡಿಗೆ ಹಾಕುತ್ತಿದ್ದರು. ಆ ವರ್ಷ ಅವರಿಗೆ ಏನನ್ನಿಸಿತೋ, ‘ಹುಡುಗ್ರೇ ಆರಿಸ್ಕೊಳ್ಳಲಿ ಬಿಡ್ರಿ, ದೊಡ್ಡವರಾಗ್ಯಾರೆ’ ಎಂದರು. ಸೆಮಿನಾರ್ ಹಾಲಿನಲ್ಲಿ ಐದು ಮೇಜು ಹಾಕಿಸಿ, ಐದು ಜನ ಮೇಷ್ಟ್ರುಗಳನ್ನು ಕೂರಿಸಿ, ಯಾರ ಕೈಕೆಳಗೆ ಕೆಲಸ ಮಾಡಬೇಕೋ ಅವರ ಹತ್ತಿರ ಹೋಗಿ ಹೆಸರು ಕೊಡಿ ಎಂದು ಹುಡುಗರನ್ನು ಒಳಗೆ ಬಿಟ್ಟರು.

ನಾನು ಕಲಿಸುವುದು ಸಂಖ್ಯಾಶಾಸ್ತ್ರ. ನನ್ನ ಮೇಜು ಕಿಟಕಿಯಿಂದ ಎರಡನೆಯದು. ಅದರ ಪಕ್ಕದ್ದು ಮಾರ್ಕೆಟಿಂಗ್ ಕಲಿಸುವ ಮೇಡಂ ಅವರದು. ಬಾಗಿಲು ತೆರೆದ ಕೂಡಲೇ ಮೇಡಂ ಮುಂದೆ ಸಾಲು ಕಟ್ಟಿತು. ನೋಡನೋಡುತ್ತ ಸಾಲು ಬಾಗಿಲು ದಾಟಿ ಕಾರಿಡಾರಿಗೆ ಹೋಯಿತು. ಫೈನಾನ್ಸ್ ಕಲಿಸುವವರ ಮುಂದೆ ಒಂದಿಷ್ಟು ಜನ, ಎಚ್.ಆರ್. ಕಲಿಸುವ ಹಿರಿಯರ ಮುಂದೆ ಒಂದಿಷ್ಟು ಜನ. ನನ್ನ ಮುಂದೆ ಯಾರೂ ಇಲ್ಲ. ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತ ಕೂತೆ. ಒಬ್ಬ ಹುಡುಗ ನನ್ನ ಕಡೆ ಬಂದ. ‘ಬಾರಪ್ಪ’ ಎನ್ನುವಷ್ಟರಲ್ಲಿ, ‘ಸರ್, ಫ್ಯಾನ್ ಸ್ವಿಚ್ ಎಲ್ಲೈತ್ರಿ?’ ಅಂದ. ನನ್ನ ಹಿಂದಿನ ಗೋಡೆಯಲ್ಲೇ ಇತ್ತು. ಎದ್ದು ಹಾಕಿದೆ. ಅವನು ಹೋಗಿ ಮತ್ತೆ ಮೇಡಂ ಸಾಲಿನಲ್ಲೇ ನಿಂತ.

ಕೊನೆಗೆ ನನ್ನ ಪಾಲಿಗೆ ಇಬ್ಬರು ಬಂದರು. ಒಬ್ಬ, ಸಾಲಿನಲ್ಲಿ ನಿಲ್ಲಲು ಬೇಸರವಾಗಿ ಬಂದವನು. ಇನ್ನೊಬ್ಬಳು ನಿಜವಾಗಿಯೂ ಲೆಕ್ಕ ಇಷ್ಟಪಡುವವಳು. ನನಗೇ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ ಮಾತಾಡುವವಳು. ಅದೆಲ್ಲ ಇರಲಿ. ನನಗೆ ಚುಚ್ಚಿದ್ದು ಬೇರೆ. ಮೇಡಂ ಸಾಲಿನ ನಡುವೆ ಹರಿಹರದ ಹುಡುಗಿ ನಿಂತಿದ್ದಳು. ನಾನು ನೋಡಿದೆ. ಅವಳೂ ನನ್ನನ್ನು ನೋಡಿದಳು, ನೋಡಿದವಳು ಫೋನು ತೆಗೆದು ಅದರೊಳಗೆ ಮುಖ ಹಾಕಿಕೊಂಡಳು.

ಅವಳು ನಮ್ಮೂರಿನವಳು. ನಾನಿರುವುದು ಹರಿಹರದಲ್ಲಿ, ಕಾಲೇಜಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಬೆಳಿಗ್ಗೆ ಒಂದೇ ಬಸ್ಸಿಗೆ ಬರುತ್ತಿದ್ದೆವು. ಬಿ.ಎ. ಓದಿ ಎಂ.ಬಿ.ಎ.ಗೆ ಬಂದವಳಿಗೆ ಅಂಕಿಸಂಖ್ಯೆ ಕಂಡರೆ ಆಗುತ್ತಿರಲಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಒಂದು ದಿನ ಬಸ್ಸಿನಲ್ಲಿ ಪುಸ್ತಕ ತೆಗೆದು, ‘ಸರ್, ಇದೊಂದು ತಿಳೀವಲ್ದು’ ಅಂದಿದ್ದಳು. ಅಂದಿನಿಂದ ದಿನಾ ಒಂದು ಪ್ರಶ್ನೆ. ಸೀಟು ಸಿಕ್ಕರೆ ಕೂತು, ಸಿಗದಿದ್ದರೆ ಕಂಬಿ ಹಿಡಿದು ನಿಂತು ಹೇಳಿಕೊಡುತ್ತಿದ್ದೆ. ಸರಾಸರಿಯಿಂದ ಹಿಡಿದು ಎರಡು ಸಂಗತಿಗಳ ನಡುವಿನ ಸಂಬಂಧ ಅಳೆಯುವವರೆಗೆ ಅವಳು ಕಲಿತದ್ದೆಲ್ಲ ಆ ಬಸ್ಸಿನಲ್ಲೇ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಾಗ ಅವಳ ತಂದೆ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟವರು, ಬಸ್‌ಸ್ಟ್ಯಾಂಡಿಗೇ ಬಂದು ಕೈಮುಗಿದು ಹೋಗಿದ್ದರು. ಅವಳು ನನ್ನ ವಿದ್ಯಾರ್ಥಿನಿ ಅಂದುಕೊಂಡಿದ್ದೆ. ಕಾಲೇಜಿನ ಲೆಕ್ಕದಲ್ಲಿ ಎಲ್ಲರೂ ನನ್ನ ವಿದ್ಯಾರ್ಥಿಗಳೇ. ಆದರೆ ಇವಳು ನನ್ನವಳು ಅಂತ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುವುದು ಬೇರೆ. ಮೇಷ್ಟ್ರಾದವರಿಗೆ ಇದು ಗೊತ್ತಿರುತ್ತದೆ.

ಮೇಡಂ ನಮ್ಮ ಕಾಲೇಜಿಗೆ ಬಂದದ್ದು ನಾನು ಸೇರಿ ಎಷ್ಟೋ ವರ್ಷಗಳಾದ ಮೇಲೆ. ಅದಕ್ಕೂ ಮುಂಚೆ ಒಂದು ಸೋಪಿನ ಕಂಪನಿಯ ಮಾರಾಟ ವಿಭಾಗದಲ್ಲಿದ್ದರು. ಚಿತ್ರದುರ್ಗ, ರಾಣೆಬೆನ್ನೂರು, ಹಾವೇರಿ ಎಂದು ಅಂಗಡಿ ಅಂಗಡಿ ತಿರುಗಿದವರು. ಆ ತಿರುಗಾಟ ಸಾಕಾಗಿ ಪಿಎಚ್.ಡಿ. ಮಾಡಿ ಮೇಷ್ಟ್ರಾದರು. ನನಗೂ ಅವರಿಗೂ ಒಂದೇ ಕೋಣೆ, ಎದುರುಬದುರು ಮೇಜು. ಅವರು ಬರುವುದಕ್ಕೆ ಮೊದಲು ಪರೀಕ್ಷೆ ಹತ್ತಿರ ಬಂದರೆ ಆ ಕೋಣೆಯ ತುಂಬ ಹುಡುಗರು ಇರುತ್ತಿದ್ದರು, ಎಲ್ಲರೂ ನನ್ನ ಸುತ್ತ. ಅದನ್ನೇ ನಾನು ಪ್ರೀತಿ ಅಂದುಕೊಂಡಿದ್ದೆ. ಮೇಡಂ ಬಂದ ಮೇಲೆ ಪರೀಕ್ಷೆ ಇಲ್ಲದಾಗಲೂ ಹುಡುಗರು ಬರತೊಡಗಿದರು. ಅವರ ಮೇಜಿನ ಸುತ್ತ ಕುರ್ಚಿ ಎಳೆದುಕೊಂಡು ಕೂತು, ಊರ ಸುದ್ದಿ ಮಾತಾಡಿ, ನಕ್ಕು, ನಡುವೆ ಪಾಠವನ್ನೂ ಕೇಳಿ ಹೋಗುತ್ತಿದ್ದರು. ನನ್ನ ಹತ್ತಿರ ಬರುತ್ತಿದ್ದದ್ದು ಭಯಕ್ಕೆ, ಅವರ ಹತ್ತಿರ ಬರುತ್ತಿರುವುದು ಖುಷಿಗೆ. ಈ ವ್ಯತ್ಯಾಸ ನನಗೆ ಗೊತ್ತಾದದ್ದು ಆಗಲೇ.

ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಸಂಜೆ ಹುಡುಗರು ಮಂಡಕ್ಕಿ ಮಿರ್ಚಿ ತಂದರೆ ಮೊದಲು ಒಂದು ಕಾಗದದಲ್ಲಿ ನನಗೆ ಕಟ್ಟಿಸಿ ಕಳಿಸುತ್ತಿದ್ದರು. ‘ಸರ್, ಇದಕ್ಕೆ ಎಷ್ಟು ಜನಾನ ಕೇಳಿದ್ರೆ ಸಾಕಾಗುತ್ತೆ, ಸ್ವಲ್ಪ ನೋಡಿ ಹೇಳ್ರಿ’ ಅಂತ ತಮ್ಮ ಸಂಶೋಧನೆಯ ಕಾಗದ ಹಿಡಿದು ನನ್ನ ಮೇಜಿಗೇ ಬರುತ್ತಿದ್ದರು. ಹುಡುಗರ ಎದುರೇ, ‘ಲೆಕ್ಕ ನನಗೆ ಬರಲ್ಲಪ್ಪ, ಸರ್‌ನ ಕೇಳ್ರಿ’ ಅನ್ನುತ್ತಿದ್ದರು. ನಾನು ಹೇಳಿಕೊಡುತ್ತಿದ್ದೆ. ತನಗೆ ಬರಲ್ಲ ಎಂದು ಇಷ್ಟು ಸಲೀಸಾಗಿ ಹೇಳುವವರನ್ನು ಹುಡುಗರು ಮೆಚ್ಚಿಕೊಳ್ಳುತ್ತಾರೆ, ಎಲ್ಲ ಬರುತ್ತದೆ ಎಂದು ತೋರಿಸಿಕೊಂಡು ಬಂದ ನನ್ನ ಹತ್ತಿರ ಫ್ಯಾನ್ ಸ್ವಿಚ್ ಕೇಳುತ್ತಾರೆ.

ಮನೆಗೆ ಹೋಗಿ ಹೆಂಡತಿಗೆ ಆ ದಿನದ ಸಾಲಿನ ಕಥೆ ಹೇಳಿದೆ. ಅವಳು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ. ಕೇಳಿ, ಸೊಪ್ಪು ಬಿಡಿಸುತ್ತಲೇ, ‘ಆ ಹುಡುಗಿ ಮಾರ್ಕೆಟಿಂಗ್ ಓದೋಳು, ಮಾರ್ಕೆಟಿಂಗ್ ಮೇಡಂ ಹತ್ರ ಹೋಗ್ಯಾಳೆ. ನಿಮಗ್ಯಾಕ್ರಿ ಸಂಕಟ?’ ಅಂದಳು.

‘ಸಂಕಟ ಏನಿಲ್ಲ. ಒಂದು ಮಾತು ಹೇಳಿ ಹೋಗಬಹುದಿತ್ತು.’

‘ಏನಂತ ಹೇಳಬೇಕಿತ್ತು?’

ನಾನು ಕಾಲು ತೊಳೆಯಲು ಬಚ್ಚಲಿಗೆ ಎದ್ದು ಹೋದೆ.

ಕೆಲವು ದಿನ ಕಳೆದ ಮೇಲೆ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟಿನ ವಿಷಯವನ್ನು ಎಲ್ಲ ಮೇಷ್ಟ್ರುಗಳ ಮುಂದೆ ಒಪ್ಪಿಸಬೇಕಾಗಿತ್ತು. ಹರಿಹರದ ಹುಡುಗಿ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಖಾರದ ಕಾರ್ಖಾನೆ ಆರಿಸಿಕೊಂಡಿದ್ದಳು. ಅವಲಕ್ಕಿ ಖಾರ, ಶೇಂಗಾ ಖಾರ, ಚಕ್ಕುಲಿ ಇಂಥವನ್ನು ಪ್ಯಾಕೆಟ್ ಮಾಡಿ ಕಿರಾಣಿ ಅಂಗಡಿಗಳಿಗೆ ಹಾಕುವವರು. ದಾವಣಗೆರೆಯಲ್ಲಿ ಚೆನ್ನಾಗಿಯೇ ಹೋಗುವ ಅವರ ಪ್ಯಾಕೆಟ್ ಪಕ್ಕದ ಹರಿಹರದಲ್ಲಿ ಯಾಕೆ ಹೋಗುವುದಿಲ್ಲ ಎನ್ನುವುದು ಅವಳ ಪ್ರಶ್ನೆ.

ನಾನು ಕೇಳಿದೆ, ‘ಎಷ್ಟು ಅಂಗಡಿ? ಎಷ್ಟು ಗಿರಾಕಿ? ಯಾವ ಆಧಾರದ ಮೇಲೆ ಆರಿಸ್ತೀಯ? ಏನು ಊಹೆ ಇಟ್ಟುಕೊಂಡು ಹೊರಟೀಯ?’ ಒಂದಾದ ಮೇಲೊಂದು ಕೇಳಿದೆ. ಬೇರೆಯವರಿಗೆ ಅಷ್ಟು ಕೇಳಿರಲಿಲ್ಲ. ಫೈನಾನ್ಸ್ ಮೇಷ್ಟ್ರು ನನ್ನ ಮುಖ ನೋಡಿದರು. ಮೇಡಂ ಹುಡುಗಿಯ ಕಡೆ ನೋಡಿ ತಲೆಯಾಡಿಸಿದರು.

‘ಸರ್, ಮೊದಲು ಅಂಗಡೀಲಿ ನಿಂತು ನೋಡ್ತೀನಿ ಸರ್’ ಎಂದಳು ಹುಡುಗಿ. ‘ಏನು ಕೇಳಬೇಕು ಅಂತ ಗೊತ್ತಾದ ಮೇಲೆ, ಎಷ್ಟು ಜನಾನ ಕೇಳಬೇಕು ಅಂತ ನಿಮ್ಮ ಹತ್ರ ಬರ್ತೀನಿ.’

ಒಳ್ಳೆಯ ಉತ್ತರ. ಆದರೆ ಹೇಳುವಾಗ ಅವಳು ಬಲಗೈಯ ಬೆರಳ ತುದಿಗಳನ್ನು ಒಟ್ಟಿಗೆ ಸೇರಿಸಿ ಗಾಳಿಯಲ್ಲಿ ಮೆಲ್ಲಗೆ ತಟ್ಟಿದಳು. ಅದು ಮೇಡಂ ಮಾಡುವ ಕೈ. ಪಾಠ ಮಾಡುವಾಗ, ಫೋನಿನಲ್ಲಿ ಮಾತಾಡುವಾಗ, ಅವರು ಹೀಗೇ ಮಾಡುತ್ತಾರೆ. ಬಸ್ಸಿನ ಕಂಬಿ ಹಿಡಿದು ಅಷ್ಟು ದಿನ ಕಲಿಸಿದ ನನ್ನಿಂದ ಅವಳು ಎತ್ತಿಕೊಂಡ ಒಂದು ಮಾತಾಗಲಿ, ಕೈಯಾಗಲಿ ಇತ್ತೇ ಎಂದು ಹುಡುಕಿದೆ. ಕಾಣಲಿಲ್ಲ. ನಾನು ಕಲಿಸಿದ ಸೂತ್ರಗಳು ಅವಳ ತಲೆಯಲ್ಲಿದ್ದವು, ಮೇಡಂ ಅವಳ ಕೈಯಲ್ಲೇ ಬಂದು ಕೂತಿದ್ದರು.

ಬಸ್ಸಿನಲ್ಲಿ ಅವಳು ಮೊದಲಿನಂತೆಯೇ ‘ನಮಸ್ಕಾರ ಸರ್’ ಅನ್ನುತ್ತಿದ್ದಳು. ಪ್ರಶ್ನೆ ಮಾತ್ರ ಇಲ್ಲ. ನಾನೂ ಪೇಪರ್ ಬಿಡಿಸಿಕೊಂಡು ಕೂರುತ್ತಿದ್ದೆ.

ಆಮೇಲೆ ಆದದ್ದು ಯಾರೂ ಎಣಿಸದ್ದು. ಒಂದು ಬೆಳಿಗ್ಗೆ ಕಾಲೇಜಿಗೆ ಬರುವಾಗ ವಿದ್ಯಾನಗರದ ತಿರುವಿನಲ್ಲಿ ರಸ್ತೆಗೆ ಸುರಿದಿದ್ದ ಜಲ್ಲಿಯ ಮೇಲೆ ಮೇಡಂ ಸ್ಕೂಟರ್ ಜಾರಿತು. ಮೊಣಕಾಲಿನ ಕೆಳಗೆ ಮೂಳೆ ಮುರಿದು, ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. ಎರಡು ತಿಂಗಳು ಕಾಲು ಊರುವ ಹಾಗಿಲ್ಲ ಎಂದರು. ಸುದ್ದಿ ಕೇಳಿ ನನಗೆ ನಿಜವಾಗಿಯೂ ಅಯ್ಯೋ ಅನ್ನಿಸಿತು. ಆ ಮಧ್ಯಾಹ್ನ ಮುಖ್ಯಸ್ಥರು ನನ್ನನ್ನು ಕರೆದು, ‘ಅವರ ಹುಡುಗ್ರನ್ನ ನೀವು ತಗೊಳ್ರಿ. ನಿಮ್ಮ ಹತ್ರ ಇಬ್ರೇ ಅಲ್ಲೇನ್ರಿ ಇರೋದು?’ ಎಂದರು.

ಆ ‘ಇಬ್ರೇ’ ಮಾತು ಕಿವಿಗೆ ಕಾದ ಎಣ್ಣೆ ಹೊಯ್ದಂತಾಯಿತು. ಆದರೂ ಕೋಣೆಗೆ ವಾಪಸು ಬರುವಾಗ ನನ್ನ ನಡಿಗೆ ಹಗುರಾಗಿತ್ತು. ಸಾಲು ಅಷ್ಟೂ ಈಗ ನನ್ನ ಮೇಜಿಗೆ ಬರಬೇಕು.

ಬಂದರು. ಬಾಗಿಲಲ್ಲಿ ನಿಂತು ಮೊದಲು ಮೇಡಂ ಖಾಲಿ ಕುರ್ಚಿ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು. ಕೂರಿಸಿ ಮಾತಾಡಿಸಿದೆ. ಯಾರ ಕೆಲಸ ಎಲ್ಲಿಗೆ ಬಂದಿದೆ ಕೇಳಿದೆ. ‘ಮೇಡಂ ಹೀಗ್ ಹೇಳಿದ್ರು ಸರ್’, ‘ಮೇಡಂ ಇದು ಬ್ಯಾಡ ಅಂದಿದ್ರು ಸರ್’. ಎಲ್ಲ ಮಾತೂ ಮೇಡಂನಿಂದಲೇ ಶುರು. ನಾನು ಏನಾದರೂ ಸೂಚಿಸಿದರೆ ‘ಆತು ಸರ್’ ಅನ್ನುತ್ತಿದ್ದರು, ಕಾರಿಡಾರಿಗೆ ಹೋದ ಕೂಡಲೇ ಫೋನು ಕಿವಿಗೆ ಹೋಗುತ್ತಿತ್ತು. ಯಾರಿಗೆ ಎಂದು ನಾನು ಕೇಳಬೇಕಾಗಿರಲಿಲ್ಲ. ಒಬ್ಬ ಹುಡುಗ ಮಾತ್ರ ಮುಚ್ಚುಮರೆಯಿಲ್ಲದೆ, ‘ಸರ್, ನೀವು ಹೇಳಿದ್ದು ಮೇಡಂಗೂ ಹೇಳಿದೆ. ಅವರೂ ಅದೇ ಸರಿ ಅಂದ್ರು’ ಎಂದ. ಅವನು ನನ್ನನ್ನು ಖುಷಿಪಡಿಸಲು ಹೇಳಿದ್ದು.

ಮೇಡಂ ಹುಡುಗರ ಜೊತೆ ಅವರ ಕಾರ್ಖಾನೆ, ಅಂಗಡಿಗಳಿಗೂ ಹೋಗುತ್ತಿದ್ದರು ಎನ್ನುವುದು ನನಗೆ ಗೊತ್ತಿತ್ತು. ನಾನೂ ಹೋಗುತ್ತೇನೆ ಎಂದು ತೀರ್ಮಾನಿಸಿದೆ. ಹರಿಹರದ ಹುಡುಗಿಗೆ, ‘ನಾಳೆ ಕರೂರಿಗೆ ನಾನೂ ಬರ್ತೀನಿ’ ಅಂದೆ. ಅವಳಿಗೆ ಆಶ್ಚರ್ಯವಾಯಿತು. ‘ನೀವ್ಯಾಕ ತೊಂದರೆ ತಗೊಳ್ತೀರಿ ಸರ್’ ಅಂದಳು. ಅದು ಮರ್ಯಾದೆಯ ಮಾತೋ, ಬ್ಯಾಡ ಅನ್ನುವುದೋ ತಿಳಿಯಲಿಲ್ಲ.

ಖಾರದ ಕಾರ್ಖಾನೆ ಎಂದರೆ ಒಂದು ದೊಡ್ಡ ತಗಡಿನ ಶೆಡ್ಡು. ಒಳಗೆ ಕಾಯುವ ಎಣ್ಣೆಯ ವಾಸನೆ, ಹುರಿದ ಕರಿಬೇವಿನ ವಾಸನೆ. ಹೆಂಗಸರು ಉದ್ದದ ಮೇಜಿನ ಎರಡೂ ಬದಿ ನಿಂತು ಪ್ಯಾಕೆಟ್ ತುಂಬುತ್ತಿದ್ದರು. ಮಾಲೀಕರು ನಲವತ್ತರ ಆಸುಪಾಸಿನವರು, ಬಾಗಿಲಿಗೇ ಬಂದು, ‘ಬರ್ರಿ, ಕೂಡ್ರಿ’ ಅಂದರು. ಕೂತ ಮೇಲೆ ನನ್ನ ಹಿಂದೆ ಯಾರಾದರೂ ಇದ್ದಾರೋ ಎಂಬಂತೆ ನೋಡಿ, ‘ಮೇಡಂ ಬರಲಿಲ್ಲೇನ್ರಿ?’ ಎಂದು ಕೇಳಿದರು.

ಕಾಲು ಮುರಿದ ಸುದ್ದಿ ಹೇಳಿದೆ. ಅವರು ಮರುಗಿದರು, ಮೇಡಂ ಬಂದಾಗಲೆಲ್ಲ ಎಷ್ಟು ಹೊತ್ತು ಕೂತು ಮಾತಾಡುತ್ತಿದ್ದರು ಎಂದು ನೆನೆದರು. ನಾನು ಕೇಳಿದ ಪ್ರಶ್ನೆಗಳಿಗೆ ಹೌದು, ಇಲ್ಲ, ನೋಡಬೇಕ್ರಿ ಅಷ್ಟೇ ಉತ್ತರ. ಮೇಡಂ ಬಗ್ಗೆ ಮಾತ್ರ ಉದ್ದುದ್ದ ವಾಕ್ಯ. ಹೊರಡುವಾಗ ಒಂದು ಚೀಲದ ತುಂಬ ಖಾರ ಕಟ್ಟಿಸಿಕೊಟ್ಟು, ‘ಮೇಡಂಗೆ ಮುಟ್ಟಿಸಿಬಿಡ್ರಿ’ ಅಂದರು. ಹುಡುಗಿ ಚೀಲ ತೆಗೆದುಕೊಂಡಳು.

ನಾನು ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಆದರೆ ಕೆಲಸ ಹರಿಹರದಲ್ಲಿತ್ತು, ಹರಿಹರ ನನ್ನ ಊರು. ಅಲ್ಲಾದರೂ ಮೇಡಂ ಎಲ್ಲ ಕಡೆ ಹೋಗಿ ಬಂದಿರಲಾರರು ಎಂಬ ಆಸೆ. ಸಂಜೆ ನನ್ನ ಬೈಕಿನಲ್ಲಿ ಹೋಗಿ, ಅವಳು ಹೇಳಿದ ಅಂಗಡಿಗಳ ಹತ್ತಿರ ನಿಲ್ಲತೊಡಗಿದೆ. ಅವಳು ತಂದೆಯ ಸ್ಕೂಟಿಯಲ್ಲಿ ಬಂದಿರುತ್ತಿದ್ದಳು. ಆ ಅಂಗಡಿಗಳಲ್ಲಿ ಒಂದು ನಮ್ಮ ಬೀದಿಯದೇ, ನಾವು ಸಾಮಾನು ತರುವುದೇ ಅಲ್ಲಿ. ಅವಳು ಒಂದು ಮೂಲೆಯಲ್ಲಿ ಅಕ್ಕಿ ಚೀಲದ ಪಕ್ಕ ನಿಂತು ಬರುವವರನ್ನೂ ಹೋಗುವವರನ್ನೂ ನೋಡುತ್ತಿದ್ದಳು, ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದೆ.

ಎರಡನೆಯ ಸಂಜೆ ಅವಳು ಹೊರಗೆ ಬಂದು ಪಿಸುಗುಟ್ಟಿದಳು, ‘ಸರ್, ನೋಡಿದ್ರಾ? ಖಾರದ ವ್ಯಾನು ಈಗ ಬಂತು.’

‘ಬಂದ್ರೆ?’

‘ಈಗ ಅಂಗಡೀಲಿ ನೂಕುನುಗ್ಗಲು ಐತಲ್ಲ ಸರ್. ಅವರಿಗೆ ಪ್ಯಾಕೆಟ್ ಮುಂದೆ ತೂಗುಹಾಕೋಕೆ ಟೈಮಿಲ್ಲ. ಎಣ್ಣೆ ಡಬ್ಬದ ಹಿಂದಕ್ಕೆ ಒಗೆದ್ರು. ಬೆಳಿಗ್ಗೆ ಬೇರೆ ಕಂಪನಿಯವರು ಬಂದು ತಮ್ಮದು ತೂಗುಹಾಕಿ ಹೋಗ್ತಾರೆ. ಇದು ಹಿಂದೇ ಉಳೀತೈತೆ.’

ಕರೂರಿನಿಂದ ಹೊರಟ ವ್ಯಾನು ಮೊದಲು ದಾವಣಗೆರೆಯ ಅಂಗಡಿಗಳನ್ನೆಲ್ಲ ಮುಗಿಸಿ, ಹರಿಹರ ಮುಟ್ಟುವ ಹೊತ್ತಿಗೆ ಸಂಜೆಯಾಗುತ್ತಿತ್ತು. ಅವಳು ಕಂಡದ್ದು ಸರಿ ಅನ್ನಿಸಿತು. ಆದರೆ ಒಂದು ಅಂಗಡಿಯಲ್ಲಿ ಕಂಡದ್ದು ವರದಿಗೆ ಸಾಲದು. ಅಷ್ಟರಲ್ಲಿ ನನ್ನ ತಲೆಯೂ ಓಡತೊಡಗಿತ್ತು.

‘ದಾವಣಗೆರೆಯಲ್ಲೂ ಸಂಜೆ ವ್ಯಾನು ಹೋಗೋ ಅಂಗಡಿ ಇರ್ತಾವಲ್ಲ, ಸರದಿಯಲ್ಲಿ ಕೊನೆಗೆ ಬರೋವು?’ ಅಂದೆ. ‘ಅಲ್ಲಿ ಮಾರಾಟ ಹೆಂಗೈತೆ ನೋಡು. ಊರು ಬಿಟ್ಟುಬಿಡು. ಬೆಳಿಗ್ಗೆ ಅಂಗಡಿ, ಸಂಜೆ ಅಂಗಡಿ ಅಂತ ಎರಡು ಗುಂಪು ಮಾಡು. ಊರಿನಿಂದ ವ್ಯತ್ಯಾಸ ಆಗೈತೋ, ಹೊತ್ತಿನಿಂದ ಆಗೈತೋ ಗೊತ್ತಾಗುತ್ತೆ.’

ಅವಳ ಕಣ್ಣು ಅಗಲವಾದವು. ಮಾಲೀಕರಿಂದ ಮಾರಾಟದ ಅಂಕಿ ತರಿಸಿ, ಕಾಲೇಜಿನಲ್ಲಿ ಒಂದು ಇಡೀ ಮಧ್ಯಾಹ್ನ ಕೂತು ಇಬ್ಬರೂ ಲೆಕ್ಕ ಹಾಕಿದೆವು. ಊರಿನ ವ್ಯತ್ಯಾಸ ಕರಗಿಹೋಯಿತು, ಹೊತ್ತಿನ ವ್ಯತ್ಯಾಸ ಎದ್ದು ನಿಂತಿತು. ದಾವಣಗೆರೆಯಲ್ಲಿ ಸಂಜೆ ವ್ಯಾನು ಹೋಗುವ ಅಂಗಡಿಗಳ ಕಥೆಯೂ ಹರಿಹರದ್ದೇ. ಕಂಪ್ಯೂಟರ್ ಪರದೆಯ ಮೇಲೆ ಕೊನೆಯ ಉತ್ತರ ಬಂದಾಗ ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ನನಗೂ ಮೈ ಬೆಚ್ಚಗಾಯಿತು. ಅಂಥ ಮಧ್ಯಾಹ್ನಗಳು ಮೇಷ್ಟ್ರ ಜೀವನದಲ್ಲಿ ದಿನಾ ಸಿಗುವುದಿಲ್ಲ. ಕಾಫಿ ತರಿಸೋಣ ಎಂದು ಜೇಬಿಗೆ ಕೈಹಾಕಿದೆ.

ಅವಳು ಆಗಲೇ ಫೋನು ಕಿವಿಗೆ ಇಟ್ಟಿದ್ದಳು. ‘ಮೇಡಂ, ಗೊತ್ತಾತು ಮೇಡಂ. ಹೊತ್ತು ಮೇಡಂ, ಊರಲ್ಲ.’ ಆ ಕಡೆಯಿಂದ ನಗು ನನಗೂ ಕೇಳಿಸಿತು. ಹುಡುಗಿ ಕಿಟಕಿಯ ಹತ್ತಿರ ಹೋಗಿ, ಬೆನ್ನು ತಿರುಗಿಸಿ, ಬೆರಳ ತುದಿ ಸೇರಿಸಿ ಗಾಳಿಯಲ್ಲಿ ತಟ್ಟುತ್ತ ಎಲ್ಲವನ್ನೂ ಹೇಳಿದಳು. ‘ಸರ್ ಹೇಳಿದ್ರು’ ಎಂದೂ ಹೇಳಿದಳು, ಸುಳ್ಳು ಹೇಳಬಾರದು. ಮಾತು ಮುಗಿಯುವವರೆಗೆ ನಾನು ಪರದೆ ನೋಡುತ್ತ ಕೂತಿದ್ದೆ. ಕಾಫಿ ತರಿಸಲಿಲ್ಲ.

ಆ ವಾರ ಹೆಂಡತಿ ಹಟ ಹಿಡಿದಳು. ‘ಒಂದೇ ಕೋಣೇಲಿ ಕೂತು ಕೆಲಸ ಮಾಡೋರು, ಇನ್ನೂ ನೋಡಿ ಬಂದಿಲ್ಲ ಅಂದ್ರೆ ಹೆಂಗ್ರಿ? ಜನ ಏನಂತಾರೆ?’ ಭಾನುವಾರ ಮೋಸಂಬಿ ತೆಗೆದುಕೊಂಡು ಕೆ.ಬಿ. ಬಡಾವಣೆಯ ಅವರ ಮನೆಗೆ ಹೋದೆವು. ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ನನಗೆ ಆಗಲೇ ತಿಳಿಯಿತು.

ಮೇಡಂ ಹಾಲಿನ ಸೋಫಾದ ಮೇಲೆ, ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಅವರ ವಿದ್ಯಾರ್ಥಿಗಳು, ಅಂದರೆ ಈಗ ನನ್ನ ವಿದ್ಯಾರ್ಥಿಗಳು, ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದರು. ಕರೂರಿನ ಖಾರ ತಟ್ಟೆಯಲ್ಲಿತ್ತು. ಒಬ್ಬ ಹುಡುಗ ಒಳಗೆ ಮೇಡಂ ತಾಯಿಯ ಜೊತೆ ಚಹಾ ಮಾಡುತ್ತಿದ್ದ. ನನ್ನನ್ನು ನೋಡಿ ಎಲ್ಲರೂ ಧಡಕ್ಕನೆ ಎದ್ದು ನಿಂತರು. ಮನೆಯ ನಡುವೆ ಕ್ಲಾಸಿನ ಹಾಗೆ. ಅವರು ಎದ್ದದ್ದೇ ನನಗೆ ನೋವಾಯಿತು. ಮೇಡಂ ಹತ್ತಿರ ಅವರು ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು.

‘ಕೂಡ್ರಪ್ಪ, ಕೂಡ್ರಿ’ ಎಂದೆ. ಯಾರೂ ಮೊದಲಿನಂತೆ ಕೂರಲಿಲ್ಲ.

ಮೇಡಂ ನನ್ನ ಹೆಂಡತಿಯ ಕೈ ಹಿಡಿದು ಪಕ್ಕ ಕೂರಿಸಿಕೊಂಡರು. ಹಾಗೆಯೇ ನನ್ನ ಕಡೆ ತಿರುಗಿ, ‘ಸರ್, ಖರೇ ಹೇಳ್ತೀನಿ, ನಿಮ್ಮನ್ನ ನೋಡಿದ್ರೆ ನನಗೆ ಹೊಟ್ಟೆ ಉರೀತೈತೆ’ ಎಂದರು. ‘ನಾನು ಹುಡುಕಿ ಬೆಳೆಸಿದ ಹುಡುಗ್ರು. ನಾನಿಲ್ಲಿ ಕಾಲು ಎತ್ತಿಟ್ಟುಕೊಂಡು ಬಿದ್ದೀನಿ, ನೀವು ಅವರ ಜೊತೆ ಅಂಗಡಿ ಅಂಗಡಿ ಅಡ್ಡಾಡ್ತೀರಿ. ಆ ಖಾರದ ಲೆಕ್ಕ ಹಾಕಿದ ದಿನ ನಾನು ಅಲ್ಲಿರಬೇಕಿತ್ತು. ಫೋನಿಟ್ಟ ಮೇಲೆ ಅತ್ತೇಬಿಟ್ಟೆ ನೋಡ್ರಿ.’

ಹುಡುಗರೆಲ್ಲ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಮೇಡಂ ಅವರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಹೊಟ್ಟೆಯೊಳಗೆ ಇದ್ದದ್ದನ್ನು ತೆಗೆದು, ಖಾರದ ತಟ್ಟೆಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟುಬಿಟ್ಟರು. ಅದು ಅಲ್ಲಿ ಸುಮ್ಮನೆ ಒಂದು ತಮಾಷೆಯಾಗಿ ಬಿದ್ದುಕೊಂಡಿತು. ಅದರಿಂದ ಹುಡುಗರು ಅವರಿಗೆ ಇನ್ನಷ್ಟು ಹತ್ತಿರವಾದರು. ನನ್ನೊಳಗೂ ಅದೇ ಇತ್ತು, ಅದಕ್ಕಿಂತ ಹಳೆಯದು, ದೊಡ್ಡದು. ‘ನನಗೂ ಹಾಗೇ ಮೇಡಂ’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವರಿಗೆ ಹಾಗೆ ಹೇಳಲು ಬರುತ್ತದಲ್ಲ ಎನ್ನುವುದಕ್ಕೂ ನನಗೆ ಕರುಬು.

‘ಬೇಗ ಹುಷಾರಾಗ್ರಿ ಮೇಡಂ’ ಅಂದೆ.

ವಾಪಸು ಬರುವಾಗ ಹೆಂಡತಿ ಬೈಕಿನ ಹಿಂದೆ ಕೂತಿದ್ದಳು. ಹರಿಹರದ ಸೇತುವೆ ಹತ್ತಿರ ಬಂದಾಗ, ‘ಅಷ್ಟು ಚೆಂದ ಮಾತಾಡಿದ್ರು, ನೀವು ಕಲ್ಲಾಗಿ ಕೂತಿದ್ರಿ’ ಅಂದಳು.

‘ಏನು ಮಾತಾಡಬೇಕಿತ್ತು?’

‘ನಿಮ್ಮ ಹತ್ರ ಮಾತೇ ಇಲ್ಲ ಅಂತ ಅಲ್ಲ. ನನ್ನ ಹತ್ರ ದಿನಾ ಅದೇ ಮಾತಾಡ್ತೀರಿ. ಅವರ ಹತ್ರ ಒಂದು ಸಲ ಆಡಿ ನೋಡ್ರಿ.’

ನಾನು ಗಾಡಿಯ ಸದ್ದಿನಲ್ಲಿ ಕೇಳಿಸದವನಂತೆ ಇದ್ದೆ.

ವರದಿ ಬೈಂಡಿಂಗಿಗೆ ಹೋಗುವ ಮುಂಚೆ ಹುಡುಗಿ ಬಂದು, ಗೈಡ್ ಅಂತ ಇಬ್ಬರ ಹೆಸರೂ ಹಾಕಬಹುದಾ ಸರ್ ಎಂದು ಕೇಳಿದಳು. ಮುಖ್ಯಸ್ಥರನ್ನು ಕೇಳು ಎಂದು ಕಳಿಸಿದೆ. ಅವರು ಒಬ್ಬರ ಹೆಸರೇ ಇರಬೇಕು, ಈಗ ಯಾರು ನೋಡಿಕೊಳ್ಳುತ್ತಾರೋ ಅವರದ್ದು ಎಂದರು. ಮುಖ್ಯಸ್ಥರ ಮಾತು ಅದೇ ಆಗಿರಲಿ ಎಂದು ನಾನು ಹಾರೈಸಿದ್ದೆ. ನನ್ನ ಹೆಸರಿನ ಮೇಲೆ ಸಹಿ ಹಾಕುವಾಗ ಸಾವಕಾಶ ಹಾಕಿದೆ. ಆಮೇಲೆ ಪುಟ ತಿರುಗಿಸಿ ಕೃತಜ್ಞತೆಯ ಪುಟಕ್ಕೆ ಹೋದೆ. ಆ ಪುಟವನ್ನು ಪ್ರತಿ ವರ್ಷ, ಪ್ರತಿ ವರದಿಯಲ್ಲೂ ನಾನು ಮೊದಲು ಓದುತ್ತೇನೆ. ಮೇಡಂಗೆ ಒಂದು ಇಡೀ ಪ್ಯಾರಾ ಇತ್ತು, ಜಗತ್ತನ್ನು ನೋಡುವ ಕಣ್ಣು ಕೊಟ್ಟವರು ಎಂದು. ನನಗೆ ಒಂದು ಸಾಲು: ಅಂಕಿಅಂಶಗಳ ವಿಶ್ಲೇಷಣೆಯಲ್ಲಿ ನೆರವಾದವರು ಎಂದು. ತಪ್ಪಿರಲಿಲ್ಲ, ನಾನು ನೆರವಾದದ್ದು ಅದರಲ್ಲೇ.

ಮೌಖಿಕ ಪರೀಕ್ಷೆಯ ದಿನ ಮೇಡಂ ವಾಕರ್ ಹಿಡಿದು ಬಂದರು, ಹಾಲಿನ ಕೊನೆಯ ಸಾಲಿನಲ್ಲಿ ಕೂತರು. ಹೊರಗಿನಿಂದ ಬಂದ ಪರೀಕ್ಷಕರು ಹರಿಹರದ ಹುಡುಗಿಯನ್ನು ಬಹಳ ಹೊತ್ತು ನಿಲ್ಲಿಸಿಕೊಂಡರು. ಎರಡು ಗುಂಪು ಮಾಡಿದ ಭಾಗಕ್ಕೆ ಬಂದಾಗ, ‘ಇದು ಚೆನ್ನಾಗಿದೆ. ಯಾರ ಐಡಿಯಾ?’ ಎಂದರು.

ಹುಡುಗಿ ನನ್ನ ಕಡೆ ಕೈ ತೋರಿಸಿದಳು. ‘ನಮ್ಮ ಸರ್‌ದು.’

ಆ ‘ನಮ್ಮ’ ಮಾತು ನಾನು ಎಷ್ಟೋ ತಿಂಗಳಿಂದ ಕಾದದ್ದು. ಪರೀಕ್ಷಕರು ನನ್ನ ಕಡೆ ನೋಡಿ ತಲೆದೂಗಿದರು. ಹಿಂದಿನಿಂದ ಮೇಡಂ ಎರಡೂ ಕೈಯೆತ್ತಿ ಸದ್ದಿಲ್ಲದ ಚಪ್ಪಾಳೆ ತಟ್ಟಿ ತೋರಿಸಿದರು. ನನಗೆ ಖುಷಿಯಾಯಿತು. ಎಲ್ಲ ಮುಗಿದು ಹೊರಗೆ ಬಂದಾಗ ಹುಡುಗರು ಮೇಡಂ ವಾಕರಿನ ಸುತ್ತ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ‘ಸರ್, ನೀವೂ ಬರ್ರಿ’ ಎಂದು ಕರೆದರು. ಹೋದೆ. ಒಂದು ತುದಿಯಲ್ಲಿ ಜಾಗ ಮಾಡಿಕೊಟ್ಟರು.

ಹುಡುಗಿಗೆ ಹುಬ್ಬಳ್ಳಿ ಕಡೆ ಒಂದು ಆಹಾರ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಂಗಡಿ ಅಂಗಡಿ ತಿರುಗುವ ಕೆಲಸ. ಖಾರದ ಕಾರ್ಖಾನೆಯವರು ವ್ಯಾನಿನ ದಾರಿ ಬದಲಿಸಿ ಬೆಳಿಗ್ಗೆ ಮೊದಲು ಹರಿಹರಕ್ಕೆ ಕಳಿಸತೊಡಗಿದರು. ಈಗ ನಮ್ಮ ಬೀದಿಯ ಅಂಗಡಿಯಲ್ಲಿ ಅವರ ಪ್ಯಾಕೆಟ್ ಮುಂದೆಯೇ ತೂಗುತ್ತಿರುತ್ತದೆ. ಹೆಂಡತಿ ತರುತ್ತಾಳೆ, ನಾನೂ ತಿನ್ನುತ್ತೇನೆ.

ಈ ವರ್ಷ ಮುಖ್ಯಸ್ಥರು ಮಾರ್ಕೆಟ್ ರಿಸರ್ಚ್ ಪೇಪರನ್ನು ನಮ್ಮಿಬ್ಬರಿಗೂ ಸೇರಿಸಿ ಕೊಟ್ಟಿದ್ದಾರೆ. ಮೊದಲ ಅರ್ಧ ಗಂಟೆ ಮೇಡಂ, ಆಮೇಲೆ ನಾನು. ಅವರು ಮಾತಾಡುವಾಗ ನಾನು ಕಿಟಕಿಯ ಪಕ್ಕ ಕೂತು ಹುಡುಗರನ್ನು ನೋಡುತ್ತಿರುತ್ತೇನೆ. ಕ್ಲಾಸಿನ ತುಂಬ ಎತ್ತಿದ ಮುಖಗಳು. ಆಮೇಲೆ ನಾನು ಬೋರ್ಡಿನ ಹತ್ತಿರ ಹೋಗುತ್ತೇನೆ, ಎಲ್ಲ ಮುಖಗಳೂ ಕೆಳಗಾಗುತ್ತವೆ, ನೋಟ್ಸ್ ಬರೆಯಲು ಶುರುಮಾಡುತ್ತಾರೆ. ಚೆನ್ನಾಗಿ ಬರೆದುಕೊಳ್ಳುತ್ತಾರೆ, ಒಂದು ಅಕ್ಷರವೂ ಬಿಡುವುದಿಲ್ಲ. ಎರಡೂ ಬೇಕಲ್ಲೇನ್ರಿ ಎನ್ನುತ್ತಾಳೆ ಹೆಂಡತಿ. ಹೌದು, ಎರಡೂ ಬೇಕು. ನನಗೆ ಮಾತ್ರ ಆ ಎತ್ತಿದ ಮುಖಗಳೇ ಬೇಕು.